ಸಾವಿರದ ನೂರ ಇಪ್ಪತ್ತಾರನೇ ಕೊಕ್ಕೆ

ಬೆಳಗಿನ ಐದು ಗಂಟೆ. ಹುಲ್ಡಾ ಗಣಿಯ ಹಳೆಯ ಗೇಟಿನ ದೀಪ ಇನ್ನೂ ಆರಿಲ್ಲ. ರಸ್ತೆಯ ಅಂಚಿನಲ್ಲಿ ಒಬ್ಬರು ಕುಂಟುತ್ತ, ಆದರೆ ಅವಸರವಿಲ್ಲದೆ, ನಡೆದು ಬರುತ್ತಿದ್ದಾರೆ. ಹಿಂದಿನಿಂದ ಬಂದ ಮೂವತ್ತೊಂಬತ್ತನೇ ನಂಬರಿನ ಬಸ್ಸು ಅವರ ಪಕ್ಕದಲ್ಲೇ ನಿಧಾನಿಸುತ್ತದೆ. ನಿಲ್ದಾಣ ಅಲ್ಲೇ ಇದೆ, ಬಸ್ಸಿನಲ್ಲಿ ಸೀಟೆಲ್ಲ ಖಾಲಿ. ಅವರು ಮಾತ್ರ ಅದರ ಕಡೆ ತಿರುಗಿಯೂ ನೋಡುವುದಿಲ್ಲ. ಮನೆಯಿಂದ ಇಲ್ಲಿಗೆ ನಾಲ್ಕು ಕಿಲೋಮೀಟರು. ಕಬ್ಬಿಣದ ತಗಡು ಕೂರಿಸಿದ ಮೊಣಕಾಲಲ್ಲಿ ದಿನಾ ಹೋಗಿ ಬಂದರೆ ಎಂಟು.

ಇವರು ದುರ್ಸುನ್ ಅಕ್ಯೂರೆಕ್, ವಯಸ್ಸು ಅರವತ್ಮೂರು. ಗೇಟಿಗೆ ಬಂದವರೇ ಸೊಂಟದಿಂದ ಬೀಗದ ಕೈ ಗೊಂಚಲು ತೆಗೆಯುತ್ತಾರೆ. ಅವರ ಬಗ್ಗೆ ಬರೆಯಲು ಬಂದ ನಾನು ಎಣಿಸಿದೆ, ನಲವತ್ತೊಂದು ಕೈಗಳು. ಯಾವುದು ಯಾವ ಬಾಗಿಲಿನದೆಂದು ಕಣ್ಣು ಮುಚ್ಚಿ ಹೇಳಬಲ್ಲರು, ಒಂದನ್ನು ಬಿಟ್ಟು. ಅದು ಹೆಬ್ಬೆರಳ ಉಗುರಿನಷ್ಟು ಸಣ್ಣ ಹಿತ್ತಾಳೆ ಕೈ. ಇದು ಎಲ್ಲಿಯದು ಎಂದು ಕೇಳಿದ್ದಕ್ಕೆ, "ಗೊತ್ತಿಲ್ಲ ತಂಗಿ. ಮನೇಲಿ ಯಾವುದೋ ಪೆಟ್ಟಿಗೇದಿರ್ಬೇಕು. ಪೆಟ್ಟಿಗೆ ಹೋಯ್ತು, ಕೈ ಉಳೀತು. ಬಿಸಾಕೋಕೆ ಮನಸ್ಸು ಬರಲ್ಲ" ಎಂದರು.

ಅವರು ತೆರೆಯುವುದು ಬಟ್ಟೆ ಹಜಾರದ ಬಾಗಿಲು. ನಮ್ಮ ಕಡೆ ಈಗಿನ ಮಕ್ಕಳಿಗೂ ಇದು ಮರೆಯುತ್ತ ಬಂದಿದೆ. ಗಣಿಗಿಳಿಯುವವರು ಮನೆಬಟ್ಟೆ ಬಿಚ್ಚಿ, ಗಂಟು ಕಟ್ಟಿ, ಕೊಕ್ಕೆಗೆ ಸಿಕ್ಕಿಸಿ, ಸರಪಳಿ ಎಳೆದು ಒಂಬತ್ತು ಮೀಟರ್ ಎತ್ತರದ ಸೂರಿಗೆ ಏರಿಸಿಬಿಡುತ್ತಿದ್ದರು. ಸರಪಳಿಯ ಕೆಳತುದಿಯನ್ನು ಬೆಂಚಿಗೆ ಸಿಕ್ಕಿಸಿ ಬೀಗ ಹಾಕಿ, ಬೀಗದ ಕೈಯನ್ನು ಕೊರಳಿಗೆ ಕಟ್ಟಿಕೊಂಡು ಪಾತಾಳಕ್ಕಿಳಿಯುತ್ತಿದ್ದರು. ಒಬ್ಬನಿಗೊಂದು ಕೊಕ್ಕೆ, ಒಂದು ನಂಬರು. ಹಿಂದೆ ಇಲ್ಲಿ ಎರಡು ಸಾವಿರದ ಎಂಟುನೂರು ಕೊಕ್ಕೆಗಳಿದ್ದವು. ಈಗ ಉಳಿದಿರುವುದು ಮುನ್ನೂರ ಹದಿಮೂರು. ಅದರಲ್ಲಿ ಒಂದನ್ನು ಯಾರೂ ಮುಟ್ಟುವುದಿಲ್ಲ, ಅದರ ಕಥೆ ಆಮೇಲೆ. ಉಳಿದವನ್ನು ದುರ್ಸುನ್ ದಿನಕ್ಕೆ ಇಪ್ಪತ್ತಾರರಂತೆ ಇಳಿಸಿ, ಒರೆಸಿ, ರಾಟೆಗೆ ಎಣ್ಣೆ ಬಿಟ್ಟು ಮತ್ತೆ ಏರಿಸುತ್ತಾರೆ. ಹನ್ನೆರಡು ದಿನಕ್ಕೆ ಒಂದು ಸುತ್ತು. ಹದಿಮೂರನೆಯ ದಿನ ಮತ್ತೆ ಮೊದಲಿನಿಂದ.

ಏಕೆ ಎಂದು ಕೇಳಬೇಡಿ. ನಾನು ಕೇಳಿ ಸೋತಿದ್ದೇನೆ. ಆ ಒಂದನ್ನು ಬಿಟ್ಟರೆ, ಸರಪಳಿಗಳಲ್ಲಿ ನೇತಾಡುವ ಬಟ್ಟೆಗಳು ಯಾವ ಗಣಿಯವನದೂ ಅಲ್ಲ. ಗಣಿ ಮುಚ್ಚಿ ಹಜಾರವನ್ನು ಕಚೇರಿಗಳಿಗೆ ಬಾಡಿಗೆಗೆ ಕೊಡತೊಡಗಿದಾಗ, ಅಲಂಕಾರ ಮಾಡಲು ಬಂದವರೊಬ್ಬರು ನಾಟಕ ಕಂಪನಿಯಿಂದ ಹಳೆ ಕೋಟುಗಳನ್ನು ತಂದು ಏರಿಸಿದರು. ಕೆಳಗೆ ಗಾಜಿನ ಗೋಡೆಗಳ ನಡುವೆ ಹನ್ನೊಂದು ಕಂಪನಿಗಳು, ತೊಂಬತ್ತನಾಲ್ಕು ಜನ. ಅದರಲ್ಲಿ ಎಂಟು ಕಂಪನಿಗಳು ಏನು ಮಾಡುತ್ತವೆ ಎಂಬುದು ಈ ಬೀದಿಯಲ್ಲೇ ಇಪ್ಪತ್ತೆರಡು ವರ್ಷದಿಂದಿರುವ ನನಗೆ ತಲೆಬುಡ ತಿಳಿದಿಲ್ಲ. ಗೊತ್ತಿರುವ ಮೂರರಲ್ಲಿ ಒಂದರ ಕೆಲಸ ಇದು: ಗಣಿ ಮುಚ್ಚಿದ ಊರುಗಳು ಮುಂದೇನು ಮಾಡಬೇಕು ಎಂದು ಬೇರೆ ಊರುಗಳಿಗೆ ಅದು ಸಲಹೆ ಕೊಡುತ್ತದೆ. ವ್ಯಾಪಾರ ಚೆನ್ನಾಗಿದೆಯಂತೆ.

"ನಾವು ಕಲ್ಲಿದ್ದಲು ತೆಗೀತಿದ್ವಿ. ಸಂಜೆ ಎಷ್ಟು ತೆಗೆದ್ವಿ ಅಂತ ಬೋರ್ಡಲ್ಲಿ ಬರೀತಿದ್ರು. ಇವ್ರು ಬೆಳಗ್ಗಿಂದ ಸಂಜೆವರೆಗೆ ಗೋಡೆಗೆ ಹಳದಿ ಚೀಟಿ ಅಂಟಿಸ್ತಾರೆ, ಸಂಜೆ ನಾನು ಗುಡಿಸ್ತೀನಿ. ಕೆಟ್ಟವರಲ್ಲ. ಟೀ ಕೊಡ್ತಾರೆ. ಆದ್ರೆ ಎಷ್ಟು ತೆಗೆದ್ರು ಅನ್ನೋದು ನಂಗೆ ಗೊತ್ತಾಗಲ್ಲ," ಎನ್ನುತ್ತಾರೆ ದುರ್ಸುನ್. ಅವರ ದನಿಯಲ್ಲಿ ವ್ಯಂಗ್ಯವಿಲ್ಲ. ನಿಜವಾಗಿಯೂ ಗೊತ್ತಾಗುವುದಿಲ್ಲ.

ತುರ್ಕಿಯಲ್ಲಿ ಕಪ್ಪು ಸಮುದ್ರದ ದಂಡೆಯ ಜೊಂಗುಲ್ದಾಕ್‌ನಿಂದ, ಅಲ್ಲೂ ಗಣಿಯಲ್ಲೇ ದುಡಿಯುತ್ತಿದ್ದ ಅಪ್ಪನ ಬೆನ್ನಿಗೆ ಬಿದ್ದು ಈ ದೇಶಕ್ಕೆ ಬಂದಾಗ ಅವರಿಗೆ ಹದಿನೈದು. ಹದಿನಾರಕ್ಕೆ ಹುಲ್ಡಾ ಗಣಿಗೆ ಇಳಿದರು. ಆಗ ಇಲ್ಲಿ ನೆಲದ ಮೇಲೂ ಕೆಳಗೂ ಸೇರಿ ನಾಲ್ಕು ಸಾವಿರದ ಇನ್ನೂರು ಜನರ ಕೆಲಸ. ಮೂವತ್ತೈದನೇ ವಯಸ್ಸಿನಲ್ಲಿ ಮೇಲಿನ ಬಂಡೆ ಕುಸಿದು ಮೊಣಕಾಲು ಪುಡಿಯಾಯಿತು. ಸ್ಟ್ರೆಚರಿನಲ್ಲೇ ಮೇಲೆ ತಂದು ನೇರ ಆಸ್ಪತ್ರೆಗೆ ಸಾಗಿಸಿದರು. ಮೂರು ಶಸ್ತ್ರಚಿಕಿತ್ಸೆ, ಹದಿನಾಲ್ಕು ತಿಂಗಳು ರಜೆ. ವಾಪಸ್ ಬರುವ ಹೊತ್ತಿಗೆ ಪಕ್ಕದ ಗಣಿಯನ್ನು ಹುಲ್ಡಾಕ್ಕೆ ಸೇರಿಸಿ, ಎರಡಕ್ಕೂ ಒಂದೇ ಹಜಾರ ಮಾಡಿದ್ದರು. ಬೆಂಚುಗಳನ್ನು ಅಡ್ಡಡ್ಡ ತಿರುಗಿಸಿ, ಹಳೆಯ ನಂಬರಿನ ಬಿಲ್ಲೆ ಕಿತ್ತು ಹೊಸದನ್ನು ಬಡಿದಿದ್ದರು. ಎಲ್ಲಿ ನಿಂತರೂ ಯಾರದೋ ಮನೆಗೆ ಬಂದ ಹಾಗಿತ್ತಂತೆ. ಕೆಳಗಿಳಿಯಲಾಗದವರಿಗೆ ಮೇಲೇನಾದರೂ ಕೊಡಬೇಕಲ್ಲ. ಇದೇ ಹಜಾರದ ಕಾವಲು ಕೊಟ್ಟರು.

ಹದಿನಾರು ವರ್ಷದ ಕೆಳಗೆ ಗಣಿಯೇ ಮುಚ್ಚಿತು. ಆಮೇಲೆ ಸರ್ಕಾರದವರು ಅವರಿಗೆ ತೋಟಗಾರಿಕೆ ಕಲಿಸಿದರು, ಕಂಪ್ಯೂಟರ್ ಕಲಿಸಿದರು, ವಸ್ತುಪ್ರದರ್ಶನದಲ್ಲಿ ಕುರ್ಚಿ ಹಾಕಿ ಕೂರಿಸಿದರು. ಕೊನೆಗೆ ಎಲ್ಲಿಗೆ ಬಂತು ಸಂಗಯ್ಯ ಎಂದರೆ ಇಲ್ಲಿಗೇ ಬಂತು: ಅದೇ ಹಜಾರ, ಅದೇ ಸರಪಳಿ. ಕೆಲಸದ ಹೆಸರು ಮಾತ್ರ ಆರು ಸಲ ಬದಲಾಗಿದೆ. ಈಗಿನ ಹೆಸರು ಅವರಿಗೆ ಬಾಯಿಗೆ ಬರುವುದಿಲ್ಲ, ಕಾರ್ಡು ತೆಗೆದು ತೋರಿಸುತ್ತಾರೆ. 'ತಾಣ ಅನುಭವ ಸಹಾಯಕ' ಎಂದಿದೆ. ಹೆಂಡತಿ ನೆಜಾಹತ್ ಆ ಕಾರ್ಡನ್ನು ನೋಡಿ, ಇಷ್ಟು ವರ್ಷ ಅನುಭವಿಸಿದ್ದು ಸಾಲದು ಎಂದು ಸಂಬಳ ಕೊಟ್ಟು ಅನುಭವಿಸೋಕೆ ಇಟ್ಟಿದ್ದಾರಾ ಎಂದು ನಕ್ಕಿದ್ದಳಂತೆ.

ಬಸ್ಸು ಹತ್ತದಿರುವುದಕ್ಕೂ ಒಂದು ಕಥೆ ಇದೆ. ಅಪಘಾತಕ್ಕೆ ಮುಂಚೆ, ಗಣಿಗಳು ಒಂದೊಂದಾಗಿ ಮುಚ್ಚುತ್ತಿದ್ದಾಗ, ನೆಜಾಹತ್ ಹಟ ಹಿಡಿದು ನಗರ ಸಾರಿಗೆಗೆ ಚಾಲಕನ ಕೆಲಸಕ್ಕೆ ಅರ್ಜಿ ಬರೆಸಿದ್ದಳು. ಬರೆದು ಅಂಚೆಗೆ ಹಾಕಿದರು. ಉತ್ತರವೇ ಬರಲಿಲ್ಲ. "ಆಗಲ್ಲ ಅಂತಾದ್ರೂ ಬರೀಬಹುದಿತ್ತು ತಂಗಿ. ಒಂದು ಗೆರೆ. ತುರ್ಕಿ ಹೆಸರು ನೋಡಿ ಬುಟ್ಟಿಗೆ ಹಾಕಿದ್ರು," ಎನ್ನುತ್ತಾರೆ. ಅಂದಿನಿಂದ ಇಪ್ಪತ್ತೆಂಟು ವರ್ಷ, ಮಳೆಯಿರಲಿ ಹಿಮವಿರಲಿ, ಆ ಬಸ್ಸುಗಳಿಗೆ ಕಾಲಿಟ್ಟವರಲ್ಲ. ಕೋಪದಲ್ಲಿ ಕೊಯ್ದ ಮೂಗು ಎಂದು ನೆಜಾಹತ್ ಬೈಯುತ್ತಾಳೆ. ಆದರೂ ಪ್ರತಿ ಚಳಿಗಾಲಕ್ಕೆ ಹೊಸ ಬೂಟು ಕೊಡಿಸುತ್ತಾಳೆ.

ನಾನು ಅವರ ಬೆನ್ನು ಹತ್ತಿದ್ದು ಒಂದು ಮಂಗಳವಾರ. ಆ ವಾರವೇ ಹಜಾರದಲ್ಲಿ ಗಡಿಬಿಡಿ. ಮುಚ್ಚಿದ ಗಣಿಯಲ್ಲಿ ತುಂಬಿದ ಬೆಚ್ಚಗಿನ ನೀರನ್ನು ಮೇಲೆತ್ತಿ ಊರಿನ ಮನೆಗಳನ್ನು ಬಿಸಿ ಮಾಡುವ ಹೊಸ ಕಂಪನಿಯೊಂದು ಬರುತ್ತಿದೆ. ಅರವತ್ತು ಜನರಿಗೆ ಕೆಲಸ. ಇದೊಂದು ಕಂಪನಿ ಏನು ಮಾಡುತ್ತದೆ ಎಂದು ಎಲ್ಲರಿಗೂ ಅರ್ಥವಾಗಿದೆ, ಅದಕ್ಕೇ ಬೀದಿಯಲ್ಲೆಲ್ಲ ಖುಷಿ. ಆದರೆ ಅವರಿಗೆ ಚಾವಣಿ ತಗ್ಗಿಸಿ ಕೊಡಬೇಕು. ಶುಕ್ರವಾರ ಎಂಟು ಗಂಟೆಗೆ ಕೆಲಸದವರು ಬರುತ್ತಾರೆ. ಅಷ್ಟರೊಳಗೆ ಸರಪಳಿಗಳೆಲ್ಲ ಇಳಿದಿರಬೇಕು. ದುರ್ಸುನ್‌ರ ನಿವೃತ್ತಿಗೆ ಇನ್ನು ಹದಿನಾಲ್ಕು ತಿಂಗಳಿದೆ. ಹಜಾರ ಹೊತ್ತಿಗೆ ಸರಿಯಾಗಿ ಸಿದ್ಧವಾದರೆ ಹೊಸ ಕಂಪನಿ ಅವರನ್ನೇ ಉಳಿಸಿಕೊಳ್ಳುತ್ತದೆ, ಇಲ್ಲದಿದ್ದರೆ ಇಲ್ಲ.

ನಾಟಕದ ಕೋಟುಗಳನ್ನು ಅವರು ಒಂದೇ ದಿನಕ್ಕೆ ಇಳಿಸಿ ಮಡಿಚಿಟ್ಟರು. ಸಮಸ್ಯೆ ಇದ್ದದ್ದು ಒಂದೇ ಗಂಟಿನದು. ಗೋಣಿ ಸುತ್ತಿದ, ದೂಳು ಹಿಡಿದ, ನಿಜವಾದ ಗಂಟು. ನಂಬರು ಸಾವಿರದ ನೂರ ಇಪ್ಪತ್ತಾರು. ಬೆಂಚಿನಲ್ಲಿ ಅದರ ಬೀಗ ಹಾಗೇ ಇದೆ. ಗಣಿ ಮುಚ್ಚಿದ ದಿನ ಎಲ್ಲರೂ ತಮ್ಮ ತಮ್ಮ ಕೊಕ್ಕೆ ಇಳಿಸಿ ಬಟ್ಟೆ ಒಯ್ದರು. ಇದೊಂದು ಇಳಿಯಲಿಲ್ಲ. ರಿಜಿಸ್ಟರಿನಲ್ಲಿ ಈ ನಂಬರಿನ ಮುಂದಿರುವ ಹೆಸರು ಯುಪ್ ನೊವರಾ. ದುರ್ಸುನ್‌ಗೆ ಕಲ್ಲಿದ್ದಲು ಕಡಿಯಲು ಕಲಿಸಿದ ಹಿರಿಯ ಜೊತೆಗಾರ. ಇಲ್ಲಿಂದ ನಾಲ್ಕು ಬೀದಿ ಆಚೆ ಪಾರಿವಾಳ ಸಾಕಿಕೊಂಡಿದ್ದಾರೆ. ವಯಸ್ಸು ಎಪ್ಪತ್ತೊಂದು. ಗಣಿ ಮುಚ್ಚಿದ ಮೇಲೆ ಈ ಗೇಟಿನೊಳಗೆ ಕಾಲಿಟ್ಟಿಲ್ಲ.

"ಕತ್ತರಿಸಿಬಿಡಿ," ಎಂದರು ಕಟ್ಟಡದ ಮೇಲ್ವಿಚಾರಕಿ ಓಲ್ಡೆನ್‌ಕಾಟ್ ಮೇಡಂ. ಒಳ್ಳೆಯ ಹುಡುಗಿ, ಬೇರೆ ಊರಿನವಳು. ಬೀಗ ಕತ್ತರಿಸುವ ದೊಡ್ಡ ಇಕ್ಕಳವನ್ನೂ ತರಿಸಿ ಕೊಟ್ಟಳು.

ದುರ್ಸುನ್ ಇಕ್ಕಳವನ್ನು ತಗೊಂಡು ಮೂಲೆಗಿಟ್ಟರು. ಗಣಿಯವರಲ್ಲಿ ಬದುಕಿರುವವನ ಕೊಕ್ಕೆಯನ್ನು ಇನ್ನೊಬ್ಬ ಇಳಿಸುವುದಿಲ್ಲ. ಕೆಳಗೆ ಹೋದವನು ಹೆಣವಾಗಿ ಬಂದರೆ ಮಾತ್ರ, ಅವನ ಪಾಳಿಯವರೆಲ್ಲ ಸೇರಿ ಸರಪಳಿ ಹಿಡಿದು, ಒಂದು ಮಾತೂ ಆಡದೆ ಗಂಟನ್ನು ಇಳಿಸಿ ಮನೆಯವರ ಕೈಗಿಡುತ್ತಾರೆ. ಕಾವಲಿದ್ದಷ್ಟು ವರ್ಷ ದುರ್ಸುನ್ ಅಂಥ ಐದು ಗಂಟು ಇಳಿಸಿದ್ದಾರೆ. "ಮೇಡಂಗೆ ಹೇಗೆ ಹೇಳ್ಲಿ? ನಾಲ್ಕು ಬೀದಿ ಆಚೆ ಪಾರಿವಾಳಕ್ಕೆ ಕಾಳು ಹಾಕ್ತಿರೋನ ಕೊಕ್ಕೆ ಇಳಿಸಿದ್ರೆ ನಾನು ಅವನನ್ನ ಕೊಂದ ಹಾಗೆ. ಕೆಲಸ ಹೋದ್ರೆ ಹೋಗುತ್ತೆ ಅನ್ನೋಕೂ ಧೈರ್ಯ ಇಲ್ಲ ತಂಗಿ. ಹದಿನಾಲ್ಕೇ ತಿಂಗಳು." ಇಷ್ಟು ಹೇಳಿ ಅವರು ಸರಪಳಿಗೆ ಎಣ್ಣೆ ಬಿಡತೊಡಗಿದರು. ಮಾರನೆಯ ದಿನ ಗುಜರಿಗೆ ಹೋಗಲಿರುವ ಸರಪಳಿಗೆ.

ಗುರುವಾರ ಸಂಜೆ ಮೂಲೆಯ ಗೂಡಂಗಡಿಗೆ ನಾನೂ ಜೊತೆಗೆ ಹೋದೆ. ಹದಿನಾರು ವರ್ಷದಿಂದ ಪ್ರತಿ ಗುರುವಾರ ಇಬ್ಬರೂ ಇಲ್ಲಿ ಸೇರುತ್ತಾರೆ. ಯುಪ್‌ಗೆ ಬಿಯರು, ದುರ್ಸುನ್‌ಗೆ ಚಹಾ. ಪಾರಿವಾಳ, ಫುಟ್‌ಬಾಲು, ಸತ್ತವರ ಪಟ್ಟಿ ಎಲ್ಲ ಮುಗಿದ ಮೇಲೆ ದುರ್ಸುನ್, ಬಂದು ನಿನ್ನ ಕೊಕ್ಕೆ ಇಳಿಸಪ್ಪ ಎನ್ನುವುದು, ಯುಪ್, ನಂದೇನೂ ಅಲ್ಲಿಲ್ಲ ಎಂದು ಮುಖ ತಿರುಗಿಸಿ ಎದ್ದುಹೋಗುವುದು. ಗಣಿ ಮುಚ್ಚಿದವರ ಮೇಲಿನ ಸಿಟ್ಟು ಎಂದೇ ದುರ್ಸುನ್ ತಿಳಿದಿದ್ದರು. ಅಂಗಡಿಯಾಕೆಯೂ ಹಾಗೇ ತಿಳಿದಿದ್ದಳು. ನಾನೂ ಹಾಗೇ ಬರೆದುಕೊಂಡಿದ್ದೆ.

ಅವತ್ತು ದುರ್ಸುನ್ ಪಾರಿವಾಳದ ಮಾತಿಗೆ ಕಾಯಲಿಲ್ಲ. "ಯುಪ್ಪಣ್ಣ, ನಾಳೆ ಎಂಟು ಗಂಟೆಗೆ ಕತ್ತರಿಸ್ತಾರೆ. ನನ್ನ ಕೈಗೇ ಇಕ್ಕಳ ಕೊಟ್ಟಿದಾರೆ. ನಿನ್ನ ಕಾಲಿಗೆ ಬೀಳ್ತೀನಿ, ಬಂದು ಇಳಿಸ್ಕೊಂಡು ಹೋಗು."

ಯುಪ್ ಸೀಸೆಯನ್ನು ಕಟ್ಟೆಯ ಮೇಲಿಟ್ಟರು. "ಸಾಕು ಮಾಡೋ. ಹದಿನಾರು ವರ್ಷದಿಂದ ವಾರವಾರ ಚುಚ್ತಾ ಇದೀಯ. ಬಂಡೆ ಕುಸಿದ ದಿನ, ನಾನು ಗರಗಸ ಮರೆತುಬಂದೆ ಅಂತ, ಅದನ್ನ ತರೋಕೆ ನಿನ್ನ ವಾಪಸ್ ಕಳ್ಸಿದ್ದು ನಾನೇ. ನಿನ್ನ ಕಾಲು ಹೋಗಿದ್ದು ನನ್ನಿಂದಾನೇ. ಒಪ್ಕೊಂಡಾಯ್ತು. ನಿನ್ನ ಬಟ್ಟೇನ ನನ್ನ ಕೈಲಿ ಇಳಿಸಿ ಏನು ನೋಡ್ಬೇಕು ನಿಂಗೆ?"

"ನನ್ನ ಬಟ್ಟೆ?" ಎಂದರು ದುರ್ಸುನ್.

ಯುಪ್ ದುರ್ಸುನ್ ಮುಖವನ್ನೇ ನೋಡಿದರು. ಆಮೇಲೆ ನನ್ನ ಮುಖ ನೋಡಿದರು, ನಾನೇನೋ ಸಾಕ್ಷಿ ಹೇಳುವವಳಂತೆ. ಇವನು ನಾಟಕ ಆಡುತ್ತಿಲ್ಲ ಎಂದು ಮನಸ್ಸಿಗೆ ಬಂದಾಗ ಅವರು ಅಲ್ಲಿದ್ದ ಕುರ್ಚಿ ಎಳೆದುಕೊಂಡು ಕೂತರು. ಆಮೇಲೆ ಹೇಳಿದ್ದಿಷ್ಟು. ಗಣಿಗಳನ್ನು ಸೇರಿಸಿ ಬಿಲ್ಲೆ ಬದಲಿಸಿದಾಗ ಅವರಿಗೆ ಬಂದ ಹೊಸ ನಂಬರೇ ಸಾವಿರದ ನೂರ ಇಪ್ಪತ್ತಾರು. ನೋಡಿದರೆ ಕೊಕ್ಕೆ ಖಾಲಿ ಇಲ್ಲ. ಸೂರಿನಲ್ಲಿ ದುರ್ಸುನ್‌ರ ನೀಲಿ ಜಾಕೆಟ್ಟು, ಅಪಘಾತದ ಬೆಳಗ್ಗೆ ಏರಿಸಿದ್ದು ಹಾಗೇ ನೇತಾಡುತ್ತಿದೆ. ಬದುಕಿರುವವನ ಕೊಕ್ಕೆ ಇಳಿಸುವ ಹಾಗಿಲ್ಲ. ದೂಳಾಗದಿರಲೆಂದು ಏಣಿ ಹಾಕಿಸಿ ಗೋಣಿ ಸುತ್ತಿದರು. ರಿಜಿಸ್ಟರಿಗೆ ಹೇಳದೆ ತಾವು ಇನ್ನೊಂದು ಖಾಲಿ ಕೊಕ್ಕೆ ಹಿಡಿದರು. ಸಾವಿರಾರು ಕೊಕ್ಕೆಗಳ ನಡುವೆ ಅದನ್ನು ಯಾರೂ ಗಮನಿಸಲಿಲ್ಲ. ದುರ್ಸುನ್ ಕುಂಟುತ್ತ ಕೆಲಸಕ್ಕೆ ಬಂದು, ಅದೇ ಹಜಾರದ ಕಾವಲಾದರೂ ಗಂಟನ್ನು ಇಳಿಸದೆ ಬಿಟ್ಟಾಗ, ತಮ್ಮ ಕಣ್ಣಿಗೆ ಬೀಳಲಿ ಎಂದೇ ಬಿಟ್ಟಿದ್ದಾನೆ ಎಂದು ಯುಪ್ ಅಂದುಕೊಂಡರು. ಗಣಿ ಮುಚ್ಚಿದ ಮೇಲೆ ಅದನ್ನು ನೋಡಲಾರದೆ ಗೇಟಿನೊಳಗೆ ಬರುವುದನ್ನೇ ಬಿಟ್ಟರು.

ದುರ್ಸುನ್‌ಗೆ ಇದೊಂದೂ ತಲೆಗಿಳಿಯಲಿಲ್ಲ. ಆ ಬಟ್ಟೆಗಳನ್ನು ಆಸ್ಪತ್ರೆಯವರು ಕಳೆದರೆಂದು ಅವರ ಮನೆಯಲ್ಲಿ ಲೆಕ್ಕ. ನೆಜಾಹತ್ ಎರಡು ವರ್ಷ ಆ ಆಸ್ಪತ್ರೆಯನ್ನು ಬೈದಿದ್ದಳು. "ಹಾಗಾದ್ರೆ ನಾನು ಕೆಳಗಿಂದ ಇನ್ನೂ ಮೇಲೆ ಬಂದೇ ಇಲ್ವಾ?" ಎಂದು ಕೇಳಿದರು. ಯಾರನ್ನು ಕೇಳಿದರೋ ತಿಳಿಯಲಿಲ್ಲ. ನನಗೆ ನಗು ಬಂತು, ಬರೆದುಕೊಳ್ಳುತ್ತಿದ್ದ ಪುಸ್ತಕ ಮುಚ್ಚಿದೆ.

ಶುಕ್ರವಾರ ಬೆಳಗ್ಗೆ ಐದೂವರೆಗೆ ಯುಪ್ ಗೇಟಿನ ಹತ್ತಿರ ನಿಂತಿದ್ದರು. ಹದಿನಾರು ವರ್ಷದ ಮೇಲೆ. ಭಾನುವಾರದ ಕೋಟು ಹಾಕಿದ್ದರು. ಗಣಿಯವರು ಒಬ್ಬರಿಗೊಬ್ಬರು ಹೇಳುವ "ಗ್ಲ್ಯೂಕ್ ಔಫ್", ಒಳ್ಳೆಯದಾಗಿ ಮೇಲೆ ಬಾ ಎಂಬ ಹಾರೈಕೆ, ಎರಡೂ ಕಡೆಯಿಂದ ಮೆಲ್ಲಗೆ ಬಂತು. ಇಬ್ಬರೂ ಒಳಗೆ ಹೋಗಿ ಬೆಂಚಿನ ಮುಂದೆ ನಿಂತರು. ಬೀಗದ ಕೈ ಎಲ್ಲಿ ಎಂದು ಯುಪ್ ಕೇಳಿದರು. ಗೊತ್ತಿಲ್ಲ, ಅವತ್ತು ಕೊರಳಲ್ಲಿದ್ದದ್ದು ಎಲ್ಲಿ ಹೋಯಿತೋ, ಇಕ್ಕಳವೇ ಗತಿ ಎಂದು ದುರ್ಸುನ್ ಮೂಲೆಯ ಕಡೆ ಹೊರಟರು. ಸೊಂಟದ ಗೊಂಚಲು ಝಣಗುಟ್ಟಿತು. ಆಗ ನಿಂತರು.

ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಹಾಗಾಯಿತು. ಹಿತ್ತಾಳೆಯ ಪುಟ್ಟ ಕೈ ಬೀಗದೊಳಗೆ ಹೋಯಿತು, ಸ್ವಲ್ಪ ಮುನಿಸಿಕೊಂಡು ತಿರುಗಿತು. ಆಸ್ಪತ್ರೆಯವರು ಕೊರಳಿಂದ ಬಿಚ್ಚಿ ಮನೆಗೆ ಕೊಟ್ಟದ್ದು ಹೇಗೋ ಗೊಂಚಲು ಸೇರಿರಬೇಕು. ಇನ್ನೊಬ್ಬರ ಬೀಗಕ್ಕೆ ಕೈ ಹಾಕಬಾರದೆಂದು ಒಂದು ಸಲವೂ ಅದನ್ನು ಹಾಕಿ ನೋಡದ ಮನುಷ್ಯ ಇವರು.

ಸರಪಳಿಯನ್ನು ಅವರೊಬ್ಬರೇ ಇಳಿಸಿದರು. ಯುಪ್ ಕೈ ಬೆನ್ನ ಹಿಂದೆ ಕಟ್ಟಿಕೊಂಡಿದ್ದರು, ತಪ್ಪಿಯೂ ತಾಗಬಾರದೆಂಬ ಹಾಗೆ. ಗೋಣಿ ಬಿಚ್ಚಿದರೆ ಚರ್ಮದ ಚಪ್ಪಲಿ, ಕಂದು ಪ್ಯಾಂಟು, ನೀಲಿ ಜಾಕೆಟ್ಟು. ಹಾಕಿಕೊಂಡು ನೋಡಿದರು, ಭುಜ ಹಿಡಿಸಿತು, ಹೊಟ್ಟೆ ಹಿಡಿಸಲಿಲ್ಲ. ಒಳಜೇಬಿಗೆ ಕೈ ಹಾಕಿದವರು ಒಂದು ಲಕೋಟೆ ತೆಗೆದರು. ಅಂಟಿಸಿದ ಬಾಯಿ, ಹಳೆಯ ನಾಣ್ಯದ ಕಾಲದ ಅಂಚೆಚೀಟಿ, ಅಚ್ಚುಕಟ್ಟಾದ ಅಕ್ಷರದಲ್ಲಿ ವಿಳಾಸ: ನಗರ ಸಾರಿಗೆ, ನೇಮಕಾತಿ ವಿಭಾಗ.

"ಹಾಕಿದ್ದೆ," ಎಂದರು ದುರ್ಸುನ್. "ಗೇಟಿನ ಪಕ್ಕದ ಡಬ್ಬಿಗೆ. ನೆನಪಿದೆ ನಂಗೆ. ಡಬ್ಬಿಯ ಮುಚ್ಚಳದ ಸದ್ದೂ ನೆನಪಿದೆ." ಲಕೋಟೆಯನ್ನು ತಿರುಗಿಸಿ ಮುರುಗಿಸಿ ನೋಡಿದರು. "ಪಾಳಿ ಮುಗಿಸಿ ಹಾಕೋಣ ಅಂದ್ಕೊಂಡಿದ್ದೆ ಅನ್ಸುತ್ತೆ." ಎಂಟು ಗಂಟೆಗೆ ಚಾವಣಿಯವರು ಬಂದಾಗಲೂ ಅವರು ಬೆಂಚಿನ ಮೇಲೆ ಅದನ್ನು ಹಿಡಿದು ಕೂತೇ ಇದ್ದರು. ಓಲ್ಡೆನ್‌ಕಾಟ್ ಮೇಡಂ ಖಾಲಿ ಸೂರನ್ನು ನೋಡಿ ಸಂತೋಷಪಟ್ಟಳು, ಹೊಸ ಕಂಪನಿಯವರಿಗೆ ಫೋನು ಮಾಡಿ ಇವರ ಕೆಲಸ ಖಾತ್ರಿ ಎಂದಳು. ಅವರು ಹೂಂ ಎಂದರು. ಕೇಳಿಸಿಕೊಂಡರೋ ಇಲ್ಲವೋ.

ಇಂಥ ಬರಹದ ಕೊನೆಗೆ ನಿಮ್ಮ ಆಸೆ ಏನು ಎಂದು ಕೇಳುವುದು ವಾಡಿಕೆ. ಕೇಳಿದೆ. ಕಾಗದ ಅಂಚೆಗೆ ಹೋಗಿದ್ದರೆ ಏನಾಗುತ್ತಿತ್ತು, ಕಾಲು ಹೋದ ಮೇಲೆ ಬಸ್ಸಿನವರು ಕರೆಯುತ್ತಿದ್ದರಾ, ಒಂದೆರಡು ತಿಂಗಳು ಮುಂಚೆ ಹಾಕಿದ್ದರೆ ಆ ದಿನ ಗಣಿಗೇ ಇಳಿಯುತ್ತಿರಲಿಲ್ಲವಾ ಎಂದು ಅವರು ನನ್ನನ್ನೇ ತಿರುಗಿ ಕೇಳಿದರು. ಇಪ್ಪತ್ತೆಂಟು ವರ್ಷದ ಸಿಟ್ಟನ್ನು ಈಗ ಎಲ್ಲಿಡಲಿ ತಂಗಿ ಎಂದೂ ಕೇಳಿದರು.

ಸೋಮವಾರ ಬೆಳಗಿನ ಜಾವ ನಾಲ್ಕಕ್ಕೆ ನಾನು ಅವರ ಮನೆಯ ಬೀದಿಯ ನಿಲ್ದಾಣದಲ್ಲಿದ್ದೆ, ಕೊನೆಯದೊಂದು ಸಲ ಜೊತೆಗೆ ನಡೆಯೋಣವೆಂದು. ಅವರು ನೀಲಿ ಜಾಕೆಟ್ಟನ್ನು ಗುಂಡಿ ಹಾಕದೆ ತೊಟ್ಟು ಬಂದರು. ಮೂವತ್ತೊಂಬತ್ತು ಬಂದು ನಿಂತಿತು. ನನ್ನತ್ತ ಒಮ್ಮೆ ನೋಡಿ, ಕೆಟ್ಟ ಕಾಲನ್ನು ಕೈಯಲ್ಲೇ ಎತ್ತಿ ಮೆಟ್ಟಿಲ ಮೇಲಿಟ್ಟರು. ಟಿಕೆಟ್ಟಿಗೆ ಎಷ್ಟೆಂದು ತಿಳಿಯದೆ ಅಂಗೈಯಲ್ಲಿ ಚಿಲ್ಲರೆ ಹಿಡಿದು ನಿಂತರು. ಚಾಲಕಿ, ಮೂವತ್ತರ ಹೆಣ್ಣುಮಗಳು, ಹೊಸಬರಾ ಎಂದು ನಗುತ್ತ ಕೇಳಿದಳು.

"ಹೌದಮ್ಮ," ಎಂದರು ದುರ್ಸುನ್. "ನಾನೂ ನಿಮ್ಮಲ್ಲಿಗೇ ಕೆಲಸಕ್ಕೆ ಬರ್ಬೇಕಿತ್ತು. ಸ್ವಲ್ಪ ತಡ ಆಯ್ತು."